ಲಾಕಾ ಅಂದರೆ ಇಲ್ಲ, ಅಷ್ಟೆ

ಸುರದಾದಿ, ತೆಗಾಲ್
೨೦ ಆಗಸ್ಟ್ ೨೦೨೩

ಪ್ರೀತಿಯ ಕಾಂಗ್ ರಸ್ಮದಿ,

ಅಸ್ಸಲಾಮು ಅಲೈಕುಮ್. ಹೇಗಿದ್ದೀರಿ? ಸೊಂಟದ ನೋವು ಇಳಿಯಿತೇ? ಮೀನು ತುಂಬುವ ಐಸ್ ಕೋಣೆಗೆ ಇಳಿಯುವಾಗ ನಾನು ಕೊಟ್ಟ ಉಣ್ಣೆ ಟೋಪಿ ಹಾಕಿಕೊಳ್ಳುತ್ತೀರೋ, ಇಲ್ಲ ಅದನ್ನೂ ಯಾರಿಗಾದರೂ ದಾನ ಮಾಡಿದಿರೋ? ನಿಮ್ಮ ದಾನಬುದ್ಧಿ ನನಗೆ ಗೊತ್ತಿಲ್ಲದ್ದೇನಲ್ಲ. ಇಲ್ಲಿ ನಿಮ್ಮಮ್ಮ ಗಟ್ಟಿಯಾಗಿದ್ದಾರೆ. ಸಕ್ಕರೆ ಕಾಯಿಲೆಗೆ ಡಾಕ್ಟರು ಚಹಾದ ಕಲ್ಲುಸಕ್ಕರೆ ಬಿಡಿ ಅಂದದ್ದಕ್ಕೆ "ಕಲ್ಲುಸಕ್ಕರೆ ಬಿಡೋ ಬದ್ಲು ಆ ಡಾಕ್ಟ್ರನ್ನೇ ಬಿಡ್ತೀನಿ" ಅಂದರು, ಬಿಟ್ಟೂ ಬಿಟ್ಟರು. ಲಿಂತಾಂಗ್‌ಗೆ ಮುಂದಿನ ಹಲ್ಲುಗಳು ಬಿದ್ದಿವೆ. ಅಪ್ಪ ಬರುವಷ್ಟರಲ್ಲಿ ಹೊಸವು ಬರುತ್ತವೆ ತಾನೇ ಅಂತ ದಿನಾ ಕೇಳುತ್ತಾಳೆ. ನಾನು ಚೆನ್ನಾಗಿದ್ದೇನೆ. ಸ್ವಲ್ಪ ದಪ್ಪಗಾಗಿದ್ದೇನೆ, ಅದನ್ನು ನೀವು ಬಂದಮೇಲೆ ನೋಡಿಕೊಳ್ಳಿ. ನಿಮ್ಮ ಹಡಗಿಗೆ ಬದಲಿ ಆಳಾಗಿ ಹೊರಟಿರುವ ಪಕ್ಕದ ಮನೆಯ ವಾಸ್ತೊ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಜೊತೆಗೆ ಒಂದು ಡಬ್ಬ ಹುರಿದ ಸೋಯಾ ಟೆಂಪೆ ಇದೆ. ಡಬ್ಬ ಖಾಲಿಯಿದ್ದರೆ ಅವನನ್ನೇ ಕೇಳಿ.

ಈಗ ಸುದ್ದಿ. ಕಾಂಗ್, ನಾವು ಗೆದ್ದೆವು! ಹೀಗೆ ಮೊದಲೇ ಹೇಳಿಬಿಟ್ಟರೆ ಕಥೆಗೆ ರುಚಿ ಇರುವುದಿಲ್ಲ ಅಂತ ನಿಮ್ಮ ತಂಗಿ ಕುನಯ್ತಿ ಬೈಯುತ್ತಾಳೆ, ಬೈದುಕೊಳ್ಳಲಿ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ನನ್ನಿಂದ ಆಗುವುದಿಲ್ಲ. ಇಡೀ ದೇಶ ಕೈಯಲ್ಲಿ ಮೊಬೈಲು ಹಿಡಿದು ನಿಮ್ಮ ಹೆಂಡತಿಯನ್ನು ನೋಡುತ್ತಿದೆ. ನಡುಗಡಲಲ್ಲಿ ಸಿಗ್ನಲ್ ಇಲ್ಲದೆ ಕೂತಿರುವ ನೀವೊಬ್ಬರೇ ನೋಡಿಲ್ಲ. ಇದೆಂಥ ನ್ಯಾಯವೋ ನಮ್ಮೊಡೆಯ ಗುಸ್ತಿ ಅಲ್ಲಾಹನಿಗೇ ಗೊತ್ತು.

ನೀವು ಹೊರಡುವಾಗ ಕುನಯ್ತಿ ನಮ್ಮ ಅಡುಗೆಮನೆಯಲ್ಲಿ ಹಳೇ ಅಂಗಡಿಯ ಗಾಜಿನ ಪೆಟ್ಟಿಗೆ ಇಟ್ಟು, ಅದರ ಹಿಂದೆ ನನ್ನನ್ನೂ ನಿಮ್ಮಮ್ಮನನ್ನೂ ನಿಲ್ಲಿಸಿ, ಮೊಬೈಲಿನಲ್ಲಿ ಸಣ್ಣ ಸಣ್ಣ ಕಥೆ ತೆಗೆಯುತ್ತಿದ್ದಳಲ್ಲ? ಜಕಾರ್ತಾದಲ್ಲಿ ಊಟದಂಗಡಿ ಇಟ್ಟ ತೆಗಾಲಿನ ಅತ್ತೆ ಸೊಸೆಯ ಜಗಳದ ಕಥೆ. ನೀವು ಬಾಗಿಲಿಗೆ ಒರಗಿಕೊಂಡು "ಟೆಂಪೆ ಹುರಿಯೋ ಜಗಳಾನ ಯಾರೇ ನೋಡ್ತಾರೆ, ನಿಮ್ಗೇನ್ ಬುದ್ಧಿ ಲಾಕಾನಾ?" ಅಂತ ನಕ್ಕಿದ್ದಿರಿ. ನೋಡುತ್ತಾರೆ ಕಾಂಗ್. ನಮ್ಮ ಸರದಿ ಪದ್ಧತಿಯೇ ಅದನ್ನು ಹೊತ್ತು ತಿರುಗಿತು. ಊರಿನಿಂದ ಒಂದು ಮನೆಯವರು ಕೆಲವು ತಿಂಗಳು ಅಂಗಡಿ ನಡೆಸುವ ಸರದಿಗೆ ಜಕಾರ್ತಾಕ್ಕೆ ಹೊರಟರೆ, ಹೊಸ ಕಂತನ್ನೂ ಜೊತೆಗೇ ಒಯ್ಯುವರು. ಅಲ್ಲಿ ಮೊಬೈಲನ್ನು ಗಾಜಿನ ಪೆಟ್ಟಿಗೆಗೆ ಒರಗಿಸಿ ಹಚ್ಚಿಬಿಡುವರು. ಬೆಂಚಿನಲ್ಲಿ ಉಣ್ಣುತ್ತ ಕೂತ ಗಿರಾಕಿ, ಬಡಿಸುವವಳೂ ತೆಗಾಲಿನವಳು, ಮೊಬೈಲಿನೊಳಗೆ ಜಗಳವಾಡುವವಳೂ ತೆಗಾಲಿನವಳು, ಯಾರು ನಿಜವಾದವಳು ಅಂತ ತಲೆ ಕೆರೆದುಕೊಳ್ಳುವನು. ಹಿಂದಿನ ಕಂತು ಯಾವುದು, ಮುಂದಿನದು ಯಾವಾಗ ಅಂತ ಶುರುವಾಯಿತು. ಮೊದಲು ಸೆನೆನ್ ಸ್ಟೇಷನ್ ಹತ್ತಿರದ ನಮ್ಮ ಅಂಗಡಿಯಲ್ಲಿ, ಆಮೇಲೆ ಊರವರ ಅಂಗಡಿ ಇರುವ ಗಲ್ಲಿಗಲ್ಲಿಯಲ್ಲಿ.

ಎಷ್ಟು ವರ್ಷ ಟೀವಿಯಲ್ಲಿ ನಮ್ಮ ಮಾತು ಆಡುವವಳೆಂದರೆ ಮನೆಗೆಲಸದವಳು. ಬಾಯಿ ತೆರೆದರೆ ಸಾಕು, ಜನ ಬಿದ್ದು ಬಿದ್ದು ನಗಬೇಕು. ಆ ಉರಿ ಕುನಯ್ತಿಗೆ ಚಿಕ್ಕಂದಿನಿಂದ ಇತ್ತು. ತನ್ನ ಕಥೆಯಲ್ಲಿ ಮಾಲೀಕಳೂ ತೆಗಾಲಿನ ಮಾತಾಡಬೇಕು, ಸಾಲ ಕೇಳುವ ಬ್ಯಾಂಕಿನವನೂ ತೆಗಾಲಿನ ಮಾತಾಡಬೇಕು ಅಂತ ಅವಳ ಹಠ. ಅದರಲ್ಲಿ ನನ್ನ ಮಾತು ಗೊತ್ತಲ್ಲ? ಪ್ರತಿ ಕಂತಿನಲ್ಲೂ ಯಾರೋ ಒಬ್ಬರು "ತುರಿಯಕ್ಕ, ಗಂಡ ಎಲ್ಲಿ?" ಅಂತ ಕೇಳುತ್ತಾರೆ. ನಾನು ಸೌಟು ಎತ್ತಿ "ಗಂಡ ಲಾಕಾ!" ಅನ್ನುತ್ತೇನೆ. ಅಷ್ಟೆ. ಉಪ್ಪು ಲಾಕಾ, ಕರೆಂಟು ಲಾಕಾ, ಗಂಡ ಲಾಕಾ. ನಾವು ಹುಟ್ಟಿದಾಗಿನಿಂದ ಆಡುವ ಮಾತು.

ಆ ಮಾತೇ ನಮ್ಮನ್ನು ಮುಳುಗಿಸುವುದರಲ್ಲಿತ್ತು. ಜಕಾರ್ತಾದ ಒಂದು ಕಂಪನಿ, ಮೊಬೈಲಿಗೇ ಸಿನಿಮಾ ಧಾರಾವಾಹಿ ಬಿಡುವವರು, ಕುನಯ್ತಿಗೆ ಫೋನು ಮಾಡಿ ನಿಮ್ಮ ಕಥೆ ನಮಗೆ ಬೇಕು, ದೊಡ್ಡದಾಗಿ ತೆಗೆಯೋಣ ಅಂದರು. ಹಳೇ ಕಂತುಗಳಿಗೆ ಅವರೇ ಕೆಳಗೆ ದೇಶದ ಭಾಷೆಯಲ್ಲಿ ಅರ್ಥದ ಅಕ್ಷರ ಹಾಕಿಸಿ ತಮ್ಮ ಸಾಹೇಬರಿಗೆ ತೋರಿಸಿದರಂತೆ. ಹಾಕಿದ ಮಹಾನುಭಾವ ತೆಗಾಲಿನವನಲ್ಲ. ಜಕಾರ್ತಾದ ಪೇಪರಿನಲ್ಲಿ, ಪೊಲೀಸರ ಬಾಯಲ್ಲಿ, ರಸ್ತೆ ಅಪಘಾತಕ್ಕೆ ಚುಟುಕಾಗಿ 'ಲಾಕಾ' ಅನ್ನುತ್ತಾರಲ್ಲ, ಅವನು ಅದನ್ನೇ ಹಿಡಿದುಕೊಂಡ. ನಿಮ್ಮಮ್ಮ "ಉಪ್ಪು ಲಾಕಾ" ಅಂದಲ್ಲಿ 'ಉಪ್ಪಿಗೆ ಅಪಘಾತವಾಗಿದೆ' ಅಂತ ಬರೆದ. ಸಾಹೇಬರು ಆಹಾ, ಈ ಹಳ್ಳಿಯವರು ಎಷ್ಟು ಚೆಂದ ಮಾತಾಡುತ್ತಾರೆ ಅಂತ ನಕ್ಕರಂತೆ. ನಾನು "ಗಂಡ ಲಾಕಾ" ಅಂದಲ್ಲಿ ಏನು ಬರೆದಿರಬಹುದು, ನೀವೇ ಊಹಿಸಿ. ಅಲ್ಲಿ ಮಾತ್ರ ಯಾರೂ ನಗಲಿಲ್ಲ.

ನಮಗೆ ಇದೊಂದೂ ಗೊತ್ತಿಲ್ಲ. ಒಂದು ಮಧ್ಯಾಹ್ನ ಮನೆ ಮುಂದೆ ಕಾರು ನಿಂತಿತು. ಇಸ್ತ್ರಿ ಮಾಡಿದ ಕಪ್ಪು ಅಂಗಿಯವನೊಬ್ಬ ಇಳಿದು ಬಂದ. ಕುನಯ್ತಿ ಪೇಟೆಗೆ ಹೋಗಿದ್ದಳು, ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅವನು ಬಾಗಿಲಲ್ಲಿದ್ದ ನಿಮ್ಮಮ್ಮನ ಎರಡೂ ಕೈ ಹಿಡಿದುಕೊಂಡು, ದನಿ ಇಳಿಸಿ, "ಅಮ್ಮಾ, ನಿಮ್ಮ ಮಗನ ವಿಷಯ ತಿಳಿದು ನಮಗೆಲ್ಲ ತುಂಬಾ ನೋವಾಯ್ತು" ಅಂದುಬಿಟ್ಟ. ಕಾಂಗ್, ಹಡಗಿನವನ ಮನೆ ಬಾಗಿಲಲ್ಲಿ ಕಪ್ಪಂಗಿಯವನು ನಿಂತು ಆ ಮಾತಾಡಿದರೆ ಏನಾಗುತ್ತದೆ ಹೇಳಿ. ನಿಮ್ಮಮ್ಮನ ಬಾಯಿಂದ ಹೊರಟ ಕೂಗು ನನಗೆ ಇವತ್ತಿಗೂ ಕಿವಿಯಲ್ಲಿದೆ. ನಾನು ಓಡಿ ಬಂದಾಗ ಅವರು ಹೊಸ್ತಿಲ ಮೇಲೆ ಕುಸಿದು ಕೂತಿದ್ದರು. ನಾನು ಅಳಲಿಲ್ಲ. ನಿಮ್ಮ ಹೆಸರು ಹೇಳುತ್ತಾ ನಿಂತಿದ್ದೆ ಅಂತ ಆಮೇಲೆ ಲಿಂತಾಂಗ್ ಹೇಳಿದಳು.

ಅವನಿಗೂ ಗಾಬರಿಯಾಯಿತು. "ನಿಮಗೆ ಗೊತ್ತಿರೋ ವಿಷಯಾನೇ ಅಲ್ವಾ ಮೇಡಂ, ನೀವೇ ಹೇಳಿದ್ರಲ್ಲ, ಪ್ರತಿ ಕಂತಲ್ಲೂ ಹೇಳ್ತೀರಲ್ಲ" ಅಂತ ತೊದಲಿದ. ನಾನು ಏನು ಹೇಳಿದೆ ಅಂತ ಕೇಳಿದರೆ, ಮೊಬೈಲು ತೆಗೆದು ನನ್ನ ಮುಖವನ್ನೇ ನನಗೆ ತೋರಿಸಿದ. ಕೆಳಗೆ ಆ ಹಾಳು ಅಕ್ಷರ: ನನ್ನ ಗಂಡ ಅಪಘಾತದಲ್ಲಿ ಹೋದರು. ನಿಮ್ಮಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದದ್ದೇ ಎದ್ದು ನಿಂತರು ನೋಡಿ! "ಬಿಡ್ತು ಅನ್ನೋ, ಬಿಡ್ತು ಅನ್ನು! ನನ್ ಮಗ ಕಲ್ಲುಗುಂಡಿನಂಗೆ ಅವ್ನೆ. ಲಾಕಾ ಅಂದ್ರೆ ಇಲ್ಲ ಅಂತ ಕಣೋ, ಮನೇಲಿಲ್ಲ ಅಷ್ಟೇಯ! ಇಷ್ಟುದ್ದ ಓದಿದ್ದೀಯ, ತಲೇಲಿ ಮೆದುಳು ಲಾಕಾ!" ಅಂತ ಪೊರಕೆ ಹಿಡಿದು ಅಂಗಳ ದಾಟುವವರೆಗೆ ಅಟ್ಟಿದರು. ಪಾಪದ ಹುಡುಗ, ಹೆಸರು ಮಾಸ್ ರೆನಾಲ್ಡಿ, ಕಾರಿನ ಬಾಗಿಲು ತೆರೆಯಲೂ ಆಗದೆ "ಬಿಡ್ತು ಅಮ್ಮಾ, ಬಿಡ್ತು" ಅನ್ನುತ್ತಿದ್ದ. ಆಮೇಲೆ ನಾವೇ ಕರೆದು ಕೂರಿಸಿ ಚಹಾ ಕೊಟ್ಟೆವು. ನಿಮ್ಮಮ್ಮ ಅವನ ಬಟ್ಟಲಿಗೆ ಕಲ್ಲುಸಕ್ಕರೆ ಮಾತ್ರ ಹಾಕಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಗೆಯಲ್ಲಿ ಹೋಗುತ್ತಿತ್ತು. ಆದರೆ ಕಂಪನಿಯವರು ಆ ತಪ್ಪಿನ ಮೇಲೇ ಇಡೀ ಹೊಸ ಕಥೆ ಕಟ್ಟಿ ತಂದಿದ್ದರು. ತುರಿಯಕ್ಕನ ಗಂಡ ಸಮುದ್ರದಲ್ಲಿ ಸತ್ತಿದ್ದಾನೆ, ಅವಳು ನಗುತ್ತಾ ಊಟ ಬಡಿಸುತ್ತಾಳೆ, ಮೂರನೇ ಕಂತಿನಲ್ಲಿ ಗೋರಿಯಿಲ್ಲದ ಗಂಡನಿಗೆ ಹೂವು ಎರಚುತ್ತಾಳೆ, ಕೊನೆಗೆ ಅಕ್ಕಿ ವ್ಯಾಪಾರಿಯೊಬ್ಬ ಕೈಹಿಡಿಯುತ್ತಾನೆ. ತಪ್ಪು ತಿಳಿದಮೇಲೂ ಮೇಲಿನವರು ಕಥೆ ಬಿಡಲು ಒಪ್ಪಲಿಲ್ಲ. ಗಂಡ ಸತ್ತರೆ ಜನ ಅಳುತ್ತಾರೆ, ಅತ್ತವರು ಮುಂದಿನ ಕಂತು ನೋಡುತ್ತಾರೆ. ಬರೀ ಊರಲ್ಲಿಲ್ಲದ ಗಂಡನಿಗೆ ಯಾರು ಕಾಯುತ್ತಾರೆ ಅನ್ನುವುದು ಅವರ ಲೆಕ್ಕ. ಒಪ್ಪಿದರೆ ಶೂಟಿಂಗ್, ಇಲ್ಲದಿದ್ದರೆ ಕರಾರಿನ ಕಾಗದ ವಾಪಸ್.

ನಾನು ಆಗಲ್ಲ ಅಂದೆ. ಕುನಯ್ತಿ ನನ್ನ ಮೇಲೆ ಮುನಿಸಿಕೊಂಡಳು. ಮುನಿಸಿಕೊಳ್ಳದೆ ಏನು ಮಾಡುತ್ತಾಳೆ? ಹೆಣ್ಣು ಹುಡುಗಿ ಮೊಬೈಲು ಹಿಡಿದು ತಿರುಗುತ್ತಾಳೆ ಅಂತ ಬೀದಿಯೆಲ್ಲ ಮೂಗು ಮುರಿದಾಗಲೂ ಬಿಡದೆ ಕಟ್ಟಿದ ಕನಸು ಅದು. ಪಕ್ಕದ ದರ್ಜಿಯಿಂದ ಹಿಡಿದು ಶೂಟಿಂಗಿಗೆ ದೀಪ ಹಿಡಿಯುವ ಹೆಂಗಸರವರೆಗೆ ಬೀದಿಯೆಲ್ಲ ಅದನ್ನು ನಂಬಿ ನಿಂತಿತ್ತು. "ಅತ್ತಿಗೆ, ಬರೀ ಆಕ್ಟಿಂಗ್ ಅಲ್ವಾ? ಬಾಯಲ್ಲಿ ಅಂದ್ರೆ ನಿಜ ಆಗೋಗುತ್ತಾ? ಯಾವ ಕಾಲದಲ್ಲಿದ್ದೀಯ!" ಅಂದಳು. ಅವಳ ಮಾತಿನಲ್ಲೂ ನ್ಯಾಯ ಇದೆ. ಆದರೆ ಕಾಂಗ್, ನಾನು ಮೂಢನಂಬಿಕೆಗೆ ಹೆದರಿ ಅಂದದ್ದಲ್ಲ. ನಾನು ದಿನಾ ಹೇಳುವ ಮಾತು ಅದೊಂದೇ. ಹಾಲಿನವನಿಗೆ, ಶಾಲೆಯ ಟೀಚರಿಗೆ, ಮಸೀದಿಯ ಹೆಂಗಸರಿಗೆ, ಗಂಡ ಲಾಕಾ, ಗಂಡ ಲಾಕಾ. ಅದನ್ನು ನಗುತ್ತ ಹೇಳುವ ಶಕ್ತಿ ಯಾಕೆ ಬರುತ್ತದೆಂದರೆ, ಇವತ್ತು ಇಲ್ಲ ಅನ್ನುವುದರ ಒಳಗೆ ನಾಳೆ ಇದ್ದಾರೆ ಅನ್ನುವುದು ಇದೆ. ಅವರು ಆ ಒಂದು ಮಾತನ್ನೇ ನನ್ನ ಬಾಯಿಂದ ಕಿತ್ತುಕೊಂಡು ಗೋರಿಗೆ ಹಾಕುತ್ತೇವೆ ಅಂದರೆ ನಾನು ಮಾರನೆಯ ದಿನ ಹಾಲಿನವನಿಗೆ ಏನು ಹೇಳಲಿ? ಇಷ್ಟನ್ನು ಕುನಯ್ತಿಗೆ ಹೇಳಿದೆ. ಅವಳು ಎದ್ದು ಹೋದಳು. ಆ ದಿನ ಒಲೆ ಹಚ್ಚಲೂ ಮನಸ್ಸು ಬರಲಿಲ್ಲ.

ಮಾರನೆಯ ಬೆಳಿಗ್ಗೆ ನಿಮ್ಮ ತಂಗಿಯೇ ದಾರಿ ಹುಡುಕಿದಳು. ಅವಳ ತಲೆ ಅಂದರೆ ತಲೆ! ನಮ್ಮ ಸರದಿ ಬಂದಿತ್ತು, ಚಿಕ್ಕಮ್ಮನ ಮನೆಯವರಿಂದ ಅಂಗಡಿ ವಹಿಸಿಕೊಳ್ಳಲು ಜಕಾರ್ತಾಕ್ಕೆ ಹೊರಡಬೇಕಿತ್ತು. ಅವಳು ಮಾಸ್ ರೆನಾಲ್ಡಿಗೆ ಫೋನು ಮಾಡಿ, "ಯಾರು ಕಾಯ್ತಾರೆ ಅಂತ ಕೇಳಿದ್ರಲ್ಲ, ಬನ್ನಿ. ನಮ್ಮ ಬೆಂಚಲ್ಲಿ ಕೂತ್ಕೊಂಡು ಊಟ ಮಾಡಿ. ಆಮೇಲೂ ಸಾಯಿಸ್ಲೇಬೇಕು ಅನ್ಸಿದ್ರೆ ನಮ್ಮತ್ತಿಗೇನ ನಾನೇ ಒಪ್ಪಿಸ್ತೀನಿ" ಅಂದಳು. ನನ್ನನ್ನು ಒಂದು ಮಾತು ಕೇಳದೆ ನನ್ನ ಗಂಡನನ್ನು ಪಣಕ್ಕೆ ಇಟ್ಟಳು ನೋಡಿ. ನಾನು ಉಗಿದೆ. ಉಗಿಸಿಕೊಂಡು ನಕ್ಕಳು.

ಅವನು ಬಂದ. ಹೊರಗೆ ಬಿಸಿಲು, ಒಳಗೆ ಊಟದ ಹೊತ್ತಿನ ನೂಕುನುಗ್ಗಲು, ಬೆಂಚಿನ ತುದಿಯಲ್ಲಿ ಅನ್ನ, ಮೊಟ್ಟೆ ಸಾರು ಇಟ್ಟುಕೊಂಡು ಕೂತ. ನಾನು ಗಾಜಿನ ಹಿಂದೆ ನಿಂತಿದ್ದೆ. ಬೈಕ್ ಟ್ಯಾಕ್ಸಿಯ ಹಸಿರು ಜಾಕೆಟಿನವನು ಬಂದವನೇ "ತುರಿಯಕ್ಕ, ಅಣ್ಣ ಬಂದ್ರಾ?" ಅಂದ. ಲಾಕಾ ಅಂದೆ. ಹಿಂದೆಯೇ ಬ್ಯಾಂಕಿನ ಹುಡುಗಿ, ಮೇದಾನಿನ ಬಟಾಕ್ ಹುಡುಗಿ, ಮಾತಾಡಿದರೆ ರಸ್ತೆಯ ಆಚೆಗೂ ಕೇಳಿಸುತ್ತದೆ, "ಅಕ್ಕಾ, ಇನ್ನೂ ಬಂದಿಲ್ವಾ? ಆ ಹಡಗಿನ ಕ್ಯಾಪ್ಟನ್ ನಂಬರ್ ಕೊಡಿ, ನಾನ್ ಮಾತಾಡ್ತೀನಿ!" ಅಂದಳು. ಮಾಸ್ ರೆನಾಲ್ಡಿ ಉಣ್ಣುವುದು ನಿಲ್ಲಿಸಿದ. ಆಮೇಲೆ, ಅವನಿಗೆ ಅದೇನು ಧೈರ್ಯವೋ, ಪಕ್ಕದವರನ್ನು ನೇರವಾಗಿ ಕೇಳಿಯೇಬಿಟ್ಟ: "ಹೊಸ ಕಥೇಲಿ ಈಕೆ ಗಂಡ ಸಮುದ್ರದಲ್ಲಿ ಸತ್ತೋದ ಅಂತ ಮಾಡಿದ್ರೆ ಹೇಗಿರುತ್ತೆ?"

ಹಸಿರು ಜಾಕೆಟಿನವನು ಚಮಚ ಕೆಳಗಿಟ್ಟ. "ನೀವ್ಯಾರು ಸ್ವಾಮಿ ಸಾಯ್ಸೋಕೆ? ನನ್ ಹೆಂಡ್ತಿ ತೈವಾನಲ್ಲವ್ಳೆ, ಯಾರ್ದೋ ಮನೆ ಅಜ್ಜಿನ ನೋಡ್ಕೋತಾಳೆ. ಅವಳೂ ಲಾಕಾ. ಅವಳ್ನೂ ಸಾಯಿಸ್ತೀರಾ?" ಅಂದ. ಬ್ಯಾಂಕಿನ ಹುಡುಗಿಯ ದನಿ ಮೊದಲ ಸಲ ಸಣ್ಣದಾಯಿತು. "ನಮ್ಮಪ್ಪ ಕಲಿಮಂತಾನ್ ತೋಟದಲ್ಲಿದಾರೆ. ಹಬ್ಬಕ್ಕೂ ಬರಲ್ಲ. ಅಪ್ಪ ಲಾಕಾ" ಅಂದಳು. ಗೋಡೆಗೆ ಸುಣ್ಣ ಹೊಡೆಯುವ ಮುದುಕರೊಬ್ಬರು ತಲೆ ಎತ್ತದೆ "ಮಗ ಲಾಕಾ" ಅಂದರು. ಒಬ್ಬರಾದಮೇಲೆ ಒಬ್ಬರು, ಕಾಂಗ್! ಒಬ್ಬರೂ ತೆಗಾಲಿನವರಲ್ಲ. ಕೆಳಗೆ ಯಾವ ಅಕ್ಷರವೂ ಇಲ್ಲದೆ ನಮ್ಮ ಮಾತನ್ನು ಕಲಿತು ತಮ್ಮದು ಮಾಡಿಕೊಂಡಿದ್ದರು. ನಾನು ಗಾಜಿನ ಹಿಂದೆ ನಿಂತು ಗೊಳೋ ಅಂತ ಅತ್ತುಬಿಟ್ಟೆ. ಯಾರೋ ಬದನೆಕಾಯಿ ಪಲ್ಯ ಕೇಳುತ್ತಿದ್ದರು, ನಾನು ಅವರ ತಟ್ಟೆಗೆ ಮೂರು ಸಲ ಅನ್ನವನ್ನೇ ಹಾಕಿದೆನಂತೆ.

ಮಾಸ್ ರೆನಾಲ್ಡಿ ಕೈ ತೊಳೆದು ಮೋರಿಯ ಪಕ್ಕ ನಿಂತು ತನ್ನ ಸಾಹೇಬರಿಗೆ ಫೋನು ಮಾಡಿದ. "ಸಾರ್, ಗಂಡ ಸಾಯೋದು ಬೇಡ. ಇಲ್ಲ ಸಾರ್, ಯಾವ ಕಾರಣಕ್ಕೂ ಬೇಡ. ಸತ್ರೆ ನನ್ಗೆ ಈ ಊರಲ್ಲಿ ಎಲ್ಲೂ ಊಟ ಹಾಕಲ್ಲ" ಅಂದ. ಆ ಕಡೆ ಏನೇನೋ ಕೂಗಾಡಿದರು. ಇವನು ಫೋನನ್ನು ಬೆಂಚಿನ ಕಡೆ ಹಿಡಿದ. ಬ್ಯಾಂಕಿನ ಹುಡುಗಿ ಅದರೊಳಗೆ ಏನು ಬೈದಳೋ ಇಲ್ಲಿ ಬರೆಯುವಂತಿಲ್ಲ, ವಾಸ್ತೊ ಓದಿಬಿಟ್ಟಾನು. ಒಟ್ಟಿನಲ್ಲಿ ಗಂಡ ಬದುಕಿದ. ತೆಗಾಲಿನ ಮಾತೂ ಉಳಿಯಿತು. ಅಕ್ಷರವನ್ನು ಕುನಯ್ತಿಯೇ ಕೂತು ಬರೆದಳು.

ಶೂಟಿಂಗೂ ಸರದಿಯೂ ಮುಗಿಸಿ ನಾವು ಊರಿಗೆ ಮರಳಿದಮೇಲೆ, ಈ ತಿಂಗಳ ಮೊದಲ ವಾರ ಹೊಸ ಕಂತುಗಳು ಬಂದವು. ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ದೇಶದಲ್ಲಿ ಹೆಚ್ಚು ಜನ ನೋಡುವವುಗಳ ಸಾಲಿನಲ್ಲಿ ಕೆಳಗೆಲ್ಲೋ ಕಾಣಿಸಿತು. ಆಮೇಲೆ ಹತ್ತಿತು ನೋಡಿ! ಮೇಲೆ ಒಂದು ಕೊರಿಯಾದ ಧಾರಾವಾಹಿ ಕೂತಿತ್ತು, ಬೆಣ್ಣೆಯಂಥ ಮುಖದ ಹುಡುಗ, ಮಳೆಯಲ್ಲಿ ಕೊಡೆ ಹಿಡಿದುಕೊಂಡು ಅಳುತ್ತಾನೆ. ಅವನನ್ನು ಇಳಿಸಿ ನಿಮ್ಮಮ್ಮ ಒಂದನೇ ಜಾಗದಲ್ಲಿ ಕೂತರು, ಕೈಯಲ್ಲಿ ಪೊರಕೆ ಹಿಡಿದುಕೊಂಡು. "ಪಾಪ, ಚೆಂದಾಗವ್ನೆ ಹುಡ್ಗ, ನಮ್ಮಂಗ್ಡಿಗೆ ಬಂದ್ರೆ ಒಂದು ಮೊಟ್ಟೆ ಜಾಸ್ತಿ ಹಾಕಣ" ಅಂದರು. ಮಕಸ್ಸರಿನ ಶಾಲೆ ಹುಡುಗರು ಹೋಮ್‌ವರ್ಕ್ ಲಾಕಾ ಅಂತ ಟೀಚರಿಗೆ ಹೇಳುವ ವಿಡಿಯೋ ಬಂತು. ಪಾಪುವಾದಲ್ಲಿ ಒಬ್ಬಾಕೆ ಸೌಟು ಎತ್ತಿ ಗಂಡ ಲಾಕಾ ಅನ್ನುತ್ತಾಳೆ, ಹಿಂದೆ ಅವಳ ಗಂಡ ಅಲ್ಲೇ ಮಲಗಿದ್ದಾನೆ.

ಸ್ವಾತಂತ್ರ್ಯ ದಿನದಂದು ಬೀದಿಯಲ್ಲಿ ಹಪ್ಪಳ ಕಚ್ಚುವ ಪಂದ್ಯ, ಅಡಿಕೆ ಮರದ ಕಂಬ ಹತ್ತುವ ಪಂದ್ಯ ಮುಗಿಸಿ, ಸಂಜೆ ಬಿಳಿ ಪರದೆ ಕಟ್ಟಿ ಎಲ್ಲ ಕಂತನ್ನೂ ಹಾಕಿದರು. ಮೂಗು ಮುರಿದವರೆಲ್ಲ ಮುಂದಿನ ಚಾಪೆಯಲ್ಲೇ ಕೂತಿದ್ದರು. ಪರದೆಯ ಮೇಲೆ ಯಾರೋ ಗಂಡ ಎಲ್ಲಿ ಅಂತ ಕೇಳಿದರು, ನಾನು ಬಾಯಿ ತೆರೆಯುವ ಮೊದಲೇ ಇಡೀ ಬೀದಿ, ಹಡಗಿಗೆ ಗಂಡನನ್ನೂ ಮಗನನ್ನೂ ಕಳಿಸಿದ ಹೆಂಗಸರೆಲ್ಲ, ಒಟ್ಟಿಗೆ "ಲಾಕಾ!" ಅಂತ ಕೂಗಿದರು. ಕೂಗಿ ನಕ್ಕರು. ಅಂಥ ನಗು ನಾನು ಈ ಊರಲ್ಲಿ ಕೇಳಿರಲಿಲ್ಲ ಕಾಂಗ್. ಕುನಯ್ತಿ ನನ್ನ ಭುಜಕ್ಕೆ ಮುಖ ಒತ್ತಿಕೊಂಡು ಅಳುತ್ತಿದ್ದಳು. ಮನೆಗೆಲಸದವಳ ಮಾತು ಅನ್ನಿಸಿಕೊಂಡ ನಮ್ಮ ಮಾತನ್ನು ಈಗ ದೇಶವೇ ಕೂತು ಕೇಳುತ್ತಿದೆ. ನನ್ನ ಹೊಟ್ಟೆ ತಣ್ಣಗಾಯಿತು.

ಇನ್ನೇನು ಬರೆಯಲಿ? ವಾಸ್ತೊ ಹೊರಗೆ ಬೈಕು ಗುರುಗುಟ್ಟಿಸುತ್ತಿದ್ದಾನೆ. ಹಡಗಿನಲ್ಲಿರುವ ನಮ್ಮೂರ ಹುಡುಗರಿಗೆಲ್ಲ ಅವರವರ ಮನೆಯವರು ಕ್ಷೇಮ ಅಂತ ಹೇಳಿ. ನಿಮ್ಮಮ್ಮ ತಲೆ ಮೇಲೆ ಕೈಯಿಟ್ಟು ಹರಸಿದ್ದಾರೆ ಅಂದುಕೊಳ್ಳಿ. ಲಿಂತಾಂಗ್ ಹಲ್ಲಿಲ್ಲದ ಬಾಯಲ್ಲಿ ಮುತ್ತು ಕಳಿಸಿದ್ದಾಳೆ. ಗುಸ್ತಿ ಅಲ್ಲಾಹ್ ಗಾಳಿಯನ್ನೂ ನೀರನ್ನೂ ನಿಮ್ಮ ಪಾಲಿಗೆ ಮೆತ್ತಗಿಡಲಿ.

ನಿಮ್ಮ ದಾರಿ ಕಾಯುವ,
ತುರಿಯಾ

ಮರೆತೆ: ಮುಂದಿನ ಕಂತುಗಳ ಕೊನೆಯಲ್ಲಿ ತುರಿಯಕ್ಕನ ಗಂಡ ಮನೆಗೆ ಬರುತ್ತಾನೆ ಅಂತ ಕಥೆ ಗಟ್ಟಿಯಾಗಿದೆ. ಆ ಪಾತ್ರಕ್ಕೆ ಜಕಾರ್ತಾದ ಹೆಸರಾಂತ ನಟನನ್ನು ತರುತ್ತೇನೆ ಅಂದ ಮಾಸ್ ರೆನಾಲ್ಡಿ. ಬೇರೆ ಗಂಡಸು ಆ ಬಾಗಿಲಲ್ಲಿ ನಿಂತರೆ ನಾನು ಒಳಗೆ ಚಿಲಕ ಹಾಕಿಕೊಳ್ಳುತ್ತೇನೆ ಅಂದೆ. ಹಾಗಾಗಿ ಶೂಟಿಂಗನ್ನು ನಿಮ್ಮ ಕರಾರು ಮುಗಿಯುವ ಜನವರಿಗೆ ಇಟ್ಟಿದ್ದಾರೆ. ವಾಸ್ತೊ ಹಡಗು ಹತ್ತಿದ ದಿನವೇ ಕ್ಯಾಪ್ಟನ್ ಹಳಬರ ಮುಂದೆ ಇನ್ನೆರಡು ವರ್ಷದ ಕಾಗದ ಹಿಡಿಯುತ್ತಾನಂತೆ. ಸಹಿ ಹಾಕಬೇಡಿ. ಕಾಂಗ್, ಕೈಮುಗಿಯುತ್ತೇನೆ, ಹಾಕಬೇಡಿ. ನಿಮಗೆ ಇರುವುದು ಒಂದೇ ಮಾತು, ಚೀಲ ಕೆಳಗಿಟ್ಟು "ತುರಿ, ಬಂದೆ" ಅನ್ನಬೇಕು. ನಾನು ಏನು ಹೇಳಬೇಕೆಂದು ಕುನಯ್ತಿ ಬರೆದಿಲ್ಲ, ಆ ಜಾಗ ಹಾಗೇ ಬಿಟ್ಟಿದ್ದಾಳೆ.